ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ: ಈ ಸಾಲಿನ ಹಿಂದಿರುವ ಡಾ. ಲುಡ್ವಿಗ್ ಗುಟ್ಮನ್

ನಿಮ್ಮ ಮನೆಯಲ್ಲಿ ಬೆನ್ನುಹುರಿಗೆ ಪೆಟ್ಟಾದವರು ಇದ್ದರೆ, ಅವರ ಡಿಸ್ಚಾರ್ಜ್ ಹಾಳೆಯನ್ನು ಒಮ್ಮೆ ತೆಗೆದು ನೋಡಿ. ಮಾತ್ರೆಗಳ ಪಟ್ಟಿ ಮುಗಿದ ಮೇಲೆ, ಕೊನೆಯಲ್ಲೆಲ್ಲೋ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬ ಒಂದು ಸಾಲು ಇರುತ್ತದೆ.

ನಾನು ಓದಿದ್ದು ಫಾರ್ಮಸಿ. ಈಗ ಇಂಥ ಹಾಳೆಗಳನ್ನೂ ಔಷಧಿಯ ಕರಪತ್ರಗಳನ್ನೂ ಕನ್ನಡಕ್ಕೆ ತರುವುದು ನನ್ನ ಕೆಲಸ. ಮೊದಮೊದಲು ಮಾತ್ರೆಯ ಹೆಸರು, ಮಿಲಿಗ್ರಾಂ, ಊಟಕ್ಕೆ ಮೊದಲೋ ಆಮೇಲೋ ಎಂಬುದನ್ನು ಮೂರು ಸಲ ಪರೀಕ್ಷಿಸಿ, ಈ ಸಾಲನ್ನು ಮಾತ್ರ ಸರಸರನೆ ಬರೆದು ಮುಂದೆ ಹೋಗುತ್ತಿದ್ದೆ. ಮನೆಯವರೂ ಎಷ್ಟೋ ಸಲ ಹಾಗೆಯೇ ಓದುತ್ತಾರೆ. ಹಾಳೆಯಲ್ಲಿರುವ ಎಷ್ಟೋ ಮಾತ್ರೆಗಳಿಗಿಂತ ಹೆಚ್ಚು ಜೀವ ಉಳಿಸಿದ್ದು ಈ ಸಾಲು ಎಂದು ನನಗೆ ಗೊತ್ತಾದದ್ದು ಡಾ. ಲುಡ್ವಿಗ್ ಗುಟ್ಮನ್ ಅವರ ಜೀವನವನ್ನು ಓದಿದ ಮೇಲೆ.

ಪ್ಯಾರಾಲಿಂಪಿಕ್ಸ್ ಕ್ರೀಡಾಕೂಟವನ್ನು ಹುಟ್ಟುಹಾಕಿದವರು ಎಂದು ಅವರ ಹೆಸರನ್ನು ನೀವು ಕೇಳಿರಬಹುದು. ಅದು ಅವರ ಕೆಲಸದ ಒಂದು ಭಾಗ ಮಾತ್ರ. ಅದಕ್ಕೂ ಮೊದಲು ಅವರು ಮಾಡಿದ್ದು, ರೋಗಿಯ ಹಾಸಿಗೆಯ ಸುತ್ತ ಓಡಾಡುವ ಪ್ರತಿಯೊಬ್ಬರಿಗೂ ಪಾಠ ಹೇಳಿದ್ದು.

ಗಣಿ ಕಾರ್ಮಿಕನ ಐದು ವಾರ

ಗುಟ್ಮನ್ ಹುಟ್ಟಿದ್ದು 1899ರ ಜುಲೈ 3ರಂದು, ಆಗ ಜರ್ಮನಿಗೆ ಸೇರಿದ್ದ ಟೋಸ್ಟ್ ಎಂಬ ಊರಿನಲ್ಲಿ. ಯಹೂದಿ ಕುಟುಂಬ. ಈಗ ಆ ಊರು ಪೋಲೆಂಡ್‌ನಲ್ಲಿದೆ. ಕಲ್ಲಿದ್ದಲ ಗಣಿಗಳ ಪ್ರದೇಶದಲ್ಲೇ ಬೆಳೆದ ಅವರು 1917ರಲ್ಲಿ ಅಪಘಾತಗಳ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕರಾಗಿ ಸೇರಿದರು. ಆಗಿನ್ನೂ ವೈದ್ಯಕೀಯ ಓದು ಶುರುವಾಗಿರಲಿಲ್ಲ.

ಒಂದು ದಿನ ಗಣಿಯಲ್ಲಿ ಬೆನ್ನು ಮುರಿದ ಒಬ್ಬ ಗಟ್ಟಿಮುಟ್ಟಾದ ಯುವಕನನ್ನು ತಂದರು. ಸೊಂಟದ ಕೆಳಗೆ ಸ್ವಾಧೀನ ಇರಲಿಲ್ಲ. ಗುಟ್ಮನ್ ಅವನ ವಿವರ ಬರೆದುಕೊಳ್ಳಲು ಹೊರಟಾಗ, ಅಷ್ಟೆಲ್ಲ ಬರೆಯುವ ಅಗತ್ಯವಿಲ್ಲ, ಕೆಲವೇ ವಾರಗಳಲ್ಲಿ ಇವನು ಹೋಗುತ್ತಾನೆ ಎಂದು ಹಿರಿಯ ವೈದ್ಯರು ತಿಳಿಸಿದರು. ಹಾಗೆಯೇ ಆಯಿತು. ಐದು ವಾರಗಳಲ್ಲಿ ಅವನು ತೀರಿಕೊಂಡ.

ಇಲ್ಲಿ ಸ್ವಲ್ಪ ನಿಲ್ಲಿ. ಆ ಯುವಕನನ್ನು ಕೊಂದದ್ದು ಮುರಿದ ಬೆನ್ನಲ್ಲ. ಮೈಮೇಲಿನ ಬೆಡ್‌ಸೋರ್ ಹುಣ್ಣುಗಳು ಮತ್ತು ಮೂತ್ರದ ಸೋಂಕು. ಅವುಗಳಿಂದ ನಂಜು ರಕ್ತಕ್ಕೆ ಏರಿತು. ನೀವು ನಾನು ನಿದ್ದೆಯಲ್ಲೂ ಹೊರಳುತ್ತೇವೆ, ಏಕೆಂದರೆ ಒಂದೇ ಕಡೆ ಭಾರ ಬಿದ್ದರೆ ಚರ್ಮ ನೋಯುತ್ತದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಆ ನೋವು ಮಿದುಳಿಗೆ ತಲುಪುವುದಿಲ್ಲ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯದೆ, ಗಂಟೆಗಳಲ್ಲೇ ಅದು ಸಾಯತೊಡಗುತ್ತದೆ. ಮೂತ್ರಕೋಶ ತುಂಬಿದ್ದೂ ಅವರಿಗೆ ತಿಳಿಯುವುದಿಲ್ಲ. ಪೂರ್ತಿ ಖಾಲಿಯಾಗದೆ ನಿಂತ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ.

ಎರಡೂ ತಡೆಯಬಹುದಾದ ತೊಂದರೆಗಳು. ಆದರೆ ಅಂದಿನ ವೈದ್ಯರು ಸಾವು ಖಚಿತ ಎಂದು ಮೊದಲೇ ತೀರ್ಮಾನಿಸಿದ್ದರಿಂದ ಯಾರೂ ತಡೆಯಲು ಹೋಗುತ್ತಿರಲಿಲ್ಲ. ಆ ಯುವಕನ ನೆನಪು ಗುಟ್ಮನ್ ಅವರನ್ನು ಜೀವನವಿಡೀ ಬಿಡಲಿಲ್ಲ.

64 ಹಾಸಿಗೆಗಳ ಮುಂದೆ

1924ರಲ್ಲಿ ಅವರು ವೈದ್ಯರಾದರು. ಬ್ರೆಸ್ಲೌ ನಗರದಲ್ಲಿ, ಆ ಕಾಲದ ಹೆಸರಾಂತ ನರರೋಗ ತಜ್ಞ ಓಟ್‌ಫ್ರಿಡ್ ಫರ್ಸ್ಟರ್ ಅವರ ಕೈಕೆಳಗೆ ಪಳಗಿದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ವೈದ್ಯರನ್ನು ಸರ್ಕಾರಿ ಆಸ್ಪತ್ರೆಗಳಿಂದ ಹೊರಹಾಕಿದರು. ಗುಟ್ಮನ್ ಅದೇ ಊರಿನ ಯಹೂದಿ ಆಸ್ಪತ್ರೆಗೆ ಸೇರಿ, 1937ರಲ್ಲಿ ಅದರ ಮುಖ್ಯಸ್ಥರಾದರು.

1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಊರೂರಿನಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು. ಯಾರೇ ಬಂದರೂ ಏನೂ ಕೇಳದೆ ದಾಖಲು ಮಾಡಿಕೊಳ್ಳಿ ಎಂದು ಗುಟ್ಮನ್ ಸಿಬ್ಬಂದಿಗೆ ಆದೇಶಿಸಿದರು. ಮರುದಿನ ಪೊಲೀಸರು ಬಂದು, ಒಂದೇ ರಾತ್ರಿಗೆ 64 ಮಂದಿ ಹೇಗೆ ಕಾಯಿಲೆ ಬಿದ್ದರು ಎಂದು ಕೇಳಿದರು. ಗುಟ್ಮನ್ ಅವರನ್ನು ಒಂದೊಂದೇ ಹಾಸಿಗೆಯ ಮುಂದೆ ನಿಲ್ಲಿಸಿ, ಪ್ರತಿಯೊಬ್ಬರಿಗೂ ಒಂದೊಂದು ಕಾಯಿಲೆ ಹೇಳುತ್ತಾ ಹೋದರು. 60 ಮಂದಿ ಬಂಧನ ಶಿಬಿರದಿಂದ ಪಾರಾದರು.

ಅದಾದ ಕೆಲವೇ ತಿಂಗಳಲ್ಲಿ, 1939ರ ಮಾರ್ಚ್‌ನಲ್ಲಿ, ಅವರು ಹೆಂಡತಿ ಎಲ್ಸ ಮತ್ತು ಇಬ್ಬರು ಮಕ್ಕಳೊಂದಿಗೆ ಇಂಗ್ಲೆಂಡಿಗೆ ನಿರಾಶ್ರಿತರಾಗಿ ಬಂದಿಳಿದರು.

ಆಕ್ಸ್‌ಫರ್ಡ್‌ನಲ್ಲಿ ಅವರಿಗೆ ಸಿಕ್ಕಿದ್ದು ಸಂಶೋಧನೆಯ ಕೆಲಸ. ನರ ಕಡಿದುಹೋದ ಸ್ನಾಯುವಿಗೆ ವಿದ್ಯುತ್ ಹಾಯಿಸಿ ವ್ಯಾಯಾಮ ಕೊಟ್ಟರೆ ಅದು ಸೊರಗುವುದು ಕಡಿಮೆಯಾಗುತ್ತದೆಯೇ ಎಂಬುದನ್ನು ಮೊಲಗಳಲ್ಲಿ ಪರೀಕ್ಷಿಸಿ, ಇನ್ನೊಬ್ಬ ವಿಜ್ಞಾನಿಯೊಂದಿಗೆ 1940ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಇವತ್ತು ಫಿಸಿಯೋಥೆರಪಿ ಕೋಣೆಯಲ್ಲಿ ಕಾಲಿಗೆ ಪ್ಯಾಡ್ ಅಂಟಿಸಿ ಕರೆಂಟ್ ಕೊಡುವ ಯಂತ್ರ ನೋಡಿದ್ದೀರಲ್ಲ, ಇದೂ ಅಂಥದೇ ವಿಚಾರ. ಅಂದರೆ ಗುಟ್ಮನ್ ಯಂತ್ರಗಳನ್ನು ದೂರವಿಟ್ಟವರಲ್ಲ. ಆದರೆ ಮುಂದೆ ಅವರು ಗೆದ್ದದ್ದು ಯಂತ್ರದಿಂದಲ್ಲ.

ಸ್ಟೋಕ್ ಮ್ಯಾಂಡೆವಿಲ್‌ನ ವಾರ್ಡ್

ಎರಡನೇ ಮಹಾಯುದ್ಧದಲ್ಲಿ ಬೆನ್ನಿಗೆ ಗುಂಡು ತಗುಲಿದ ಸೈನಿಕರು ಹೆಚ್ಚಾದರು. ಅವರಿಗಾಗಿ ಬ್ರಿಟಿಷ್ ಸರ್ಕಾರ ಒಂದು ಪ್ರತ್ಯೇಕ ಘಟಕ ತೆರೆಯಲು ಯೋಚಿಸಿ, ಅದನ್ನು ನಡೆಸಲು ಗುಟ್ಮನ್ ಅವರನ್ನು ಕೇಳಿತು. ಚಿಕಿತ್ಸೆಯನ್ನು ತಮ್ಮ ರೀತಿಯಲ್ಲೇ ಮಾಡಲು ಬಿಡಬೇಕು ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು. 1944ರ ಫೆಬ್ರವರಿ 1ರಂದು ಇಂಗ್ಲೆಂಡಿನ ಐಲ್ಸ್‌ಬರಿ ಊರಿನ ಬಳಿಯ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಆ ಘಟಕ ಆರಂಭವಾಯಿತು.

ಅಲ್ಲಿಗೆ ಬರುತ್ತಿದ್ದ ಸೈನಿಕರಲ್ಲಿ ಹಲವರು ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್‌ನಲ್ಲಿ ಮಲಗಿರುತ್ತಿದ್ದರು. ಪ್ಲಾಸ್ಟರ್ ಒಡೆದರೆ ಒಳಗೆ ಆಳವಾದ ಹುಣ್ಣು, ದುರ್ವಾಸನೆ. ನೋವಿಗೆ ಮತ್ತಿನ ಔಷಧಿ, ಮೂತ್ರಕ್ಕೆ ಕೊಳವೆ, ಉಳಿದಂತೆ ಸಾವಿಗಾಗಿ ಕಾಯುವುದು. ಇಂಥ ವಾರ್ಡ್‌ನಲ್ಲಿ ಕೆಲಸ ಮಾಡಲು ಯಾರಿಗೂ ಉತ್ಸಾಹ ಇರಲಿಲ್ಲ.

ಗುಟ್ಮನ್ ಮಾಡಿದ ಬದಲಾವಣೆಗಳು ಕೇಳಲು ತೀರಾ ಸರಳ. ಪ್ಲಾಸ್ಟರ್ ತೆಗೆಸಿದರು. ದಿಂಬುಗಳನ್ನಿಟ್ಟು ಮಲಗಿಸಿ, ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ನಿಯಮ ತಂದರು. ಪ್ರತಿ ಸಲ ತಿರುಗಿಸುವಾಗ ಚರ್ಮ ನೋಡಬೇಕು, ಎಲ್ಲಾದರೂ ಕೆಂಪಾಗಿದೆಯೇ ಗಮನಿಸಬೇಕು. ಸದಾ ಒಳಗಿರುವ ಕೊಳವೆಯ ಬದಲು, ನಿಗದಿತ ಹೊತ್ತಿಗೆ ಶುದ್ಧವಾದ ಕ್ಯಾಥೆಟರ್ ಹಾಕಿ ಮೂತ್ರಕೋಶ ಖಾಲಿ ಮಾಡಿ ತೆಗೆಯುವ ಕ್ರಮ ತಂದರು. ಅನಗತ್ಯ ಮತ್ತಿನ ಔಷಧಿ ಕಡಿಮೆ ಮಾಡಿಸಿದರು. ರೋಗಿಯನ್ನು ಬೇಗ ಎಬ್ಬಿಸಿ ಕೂರಿಸಿದರು, ವ್ಯಾಯಾಮ ಮಾಡಿಸಿದರು, ಮರಗೆಲಸ, ಗಡಿಯಾರ ರಿಪೇರಿಯಂಥ ಕಸುಬು ಕಲಿಯಲು ಕಳಿಸಿದರು.

ಫಾರ್ಮಸಿ ಓದಿದವರಿಗೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 1944 ಎಂದರೆ ಪೆನಿಸಿಲಿನ್ ಸೈನಿಕರ ಕೈಗೆ ಸಿಗತೊಡಗಿದ ಕಾಲ. ಇವರನ್ನು ಉಳಿಸಿದ್ದು ಪೆನಿಸಿಲಿನ್ನೇ ಅಲ್ಲವೇ? ಸೋಂಕಿನ ವಿರುದ್ಧ ಅದು ದೊಡ್ಡ ಸಹಾಯ, ಸಂಶಯವಿಲ್ಲ. ಆದರೆ ಆಂಟಿಬಯಾಟಿಕ್ ರಕ್ತದ ಮೂಲಕ ಹೋಗಬೇಕು. ಭಾರ ಬಿದ್ದು ರಕ್ತವೇ ಹರಿಯದ ಜಾಗಕ್ಕೆ ಅದು ಸರಿಯಾಗಿ ತಲುಪದು. ನಿಮ್ಮ ಮನೆಯಲ್ಲೂ ಬೆಡ್‌ಸೋರ್‌ಗೆ ಎಷ್ಟು ದುಬಾರಿ ಮುಲಾಮು ತಂದರೂ, ಅದರ ಮೇಲೇ ಮಲಗಿಸಿದರೆ ಗಾಯ ಮಾಗುವುದಿಲ್ಲ.

ಪಾಠ ಯಾರಿಗೆ?

ಎರಡು ಗಂಟೆಗೊಮ್ಮೆ ತಿರುಗಿಸಬೇಕು ಎಂದು ವೈದ್ಯರು ಫೈಲಿನಲ್ಲಿ ಬರೆದರೆ ಸಾಕೇ? ರಾತ್ರಿ ಎರಡು ಗಂಟೆಗೆ ತಿರುಗಿಸುವವರು ವೈದ್ಯರಲ್ಲ. ಗುಟ್ಮನ್ ಇದನ್ನು ಮೊದಲ ದಿನದಿಂದಲೇ ಅರಿತಿದ್ದರು. ಆಗ ಅವರ ಬಳಿ ತರಬೇತಾದ ನರ್ಸುಗಳು ಕಡಿಮೆ. ಸೇನೆಯಿಂದ ಬಂದ ವಾರ್ಡ್ ಸಹಾಯಕರೇ ಹೆಚ್ಚು. ಅವರಿಗೆ ಈ ಕೆಲಸದ ಗಂಧಗಾಳಿ ಇರಲಿಲ್ಲ. ಅವರನ್ನೇ ತಂಡ ಕಟ್ಟಿ, ಬೆನ್ನು ತಿರುಚದಂತೆ ಒಟ್ಟಿಗೆ ಎತ್ತಿ ಹೊರಳಿಸುವುದನ್ನು ಕೈಯಾರೆ ತೋರಿಸಿಕೊಟ್ಟರು. ಏಕೆ ಹೊರಳಿಸಬೇಕು ಎಂಬುದನ್ನೂ ವಿವರಿಸಿದರು. ರಾತ್ರಿ ಹೊತ್ತು ತಾವೇ ವಾರ್ಡ್‌ಗೆ ಬಂದು ಕೆಲಸ ನಡೆಯುತ್ತಿದೆಯೇ ಎಂದು ನೋಡುತ್ತಿದ್ದರು. ಆರಂಭದಲ್ಲಿ ಕ್ಯಾಥೆಟರ್ ಹಾಕುವ ಕೆಲಸವನ್ನೂ ತಾವೇ ಮಾಡುತ್ತಿದ್ದರು.

ಅವರು ಮೃದು ಸ್ವಭಾವದವರಾಗಿರಲಿಲ್ಲ. ಶಿಸ್ತು, ಸಿಟ್ಟು, ಹಟ ಎಲ್ಲವೂ ಇದ್ದವು. ಸಿಬ್ಬಂದಿ ಹೆದರುತ್ತಿದ್ದರು, ರೋಗಿಗಳು ಗೊಣಗುತ್ತಿದ್ದರು. ಆದರೂ ರೋಗಿಗಳು ಅವರನ್ನು ಕರೆಯುತ್ತಿದ್ದದ್ದು ಅಪ್ಪ ಎಂಬ ಅರ್ಥ ಬರುವ ಪಾಪ್ಪಾ ಎಂಬ ಹೆಸರಿನಿಂದ. ಕೊನೆಗೆ ಅವರು ರೋಗಿಗೇ ಪಾಠ ಹೇಳಿದರು: ಕನ್ನಡಿ ಹಿಡಿದು ತನ್ನ ಚರ್ಮ ತಾನೇ ನೋಡಿಕೊಳ್ಳಬೇಕು, ಗಾಲಿಕುರ್ಚಿಯಲ್ಲಿ ಕೂತಾಗ ಕೈಯೂರಿ ಆಗಾಗ ಮೈ ಎತ್ತಬೇಕು. ಮನೆಗೆ ಹೋದ ಮೇಲೆ ಕಾವಲು ಅವರದೇ ಆಗಿತ್ತು.

ತಿಳಿದಿರಲೇಬೇಕಾದ ಒಂದು ತಲೆನೋವು

1947ರಲ್ಲಿ ಗುಟ್ಮನ್ ಮತ್ತು ವಿಟ್‌ರಿಜ್ ಎಂಬ ಶರೀರಶಾಸ್ತ್ರಜ್ಞರು ಒಂದು ಮುಖ್ಯ ಅಧ್ಯಯನ ಪ್ರಕಟಿಸಿದರು. ಬೆನ್ನುಹುರಿಗೆ ಮೇಲ್ಭಾಗದಲ್ಲಿ, ಅಂದರೆ ಕುತ್ತಿಗೆ ಅಥವಾ ಎದೆಯ ಮೇಲ್ಭಾಗದ ಮಟ್ಟದಲ್ಲಿ, ಪೆಟ್ಟಾದವರ ಮೂತ್ರಕೋಶ ತುಂಬಿ ಹಿಗ್ಗಿದಾಗ ಅವರ ರಕ್ತದೊತ್ತಡ ಒಮ್ಮೆಲೇ ಏರುತ್ತದೆ ಎಂದು ಅವರು ತೋರಿಸಿದರು. ಇದಕ್ಕೆ ಈಗ ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ.

ನಿಮ್ಮ ಮನೆಯವರಿಗೆ ಇಂಥ ಪೆಟ್ಟಾಗಿದ್ದರೆ ಈ ಲಕ್ಷಣಗಳನ್ನು ನೆನಪಿಡಿ: ಇದ್ದಕ್ಕಿದ್ದಂತೆ ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಪೆಟ್ಟಾದ ಮಟ್ಟದಿಂದ ಮೇಲೆ ಬೆವರುವುದು, ಬಿಪಿ ಏರುವುದು. ತಕ್ಷಣ ಅವರನ್ನು ಎಬ್ಬಿಸಿ ನೆಟ್ಟಗೆ ಕೂರಿಸಿ. ಬಿಗಿಯಾದ ಬಟ್ಟೆ, ಬೆಲ್ಟ್ ಸಡಿಲಿಸಿ. ಕ್ಯಾಥೆಟರ್ ಪೈಪು ಮಡಚಿದೆಯೇ, ಕಟ್ಟಿಕೊಂಡಿದೆಯೇ, ಚೀಲ ತುಂಬಿದೆಯೇ ನೋಡಿ. ಮಲಬದ್ಧತೆ, ಚರ್ಮದ ಗಾಯ ಕೂಡ ಕಾರಣವಾಗಬಹುದು. ಬೇಗ ಇಳಿಯದಿದ್ದರೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಮನೆಯಲ್ಲಿ ಬೇರೆಯವರಿಗೆಂದು ತಂದಿಟ್ಟ ಬಿಪಿ ಮಾತ್ರೆಯನ್ನು ನೀವೇ ಕೊಡಬೇಡಿ.

ಆಸ್ಪತ್ರೆಗೆ ಹೋದಾಗ, ಬೆನ್ನುಹುರಿಯ ಪೆಟ್ಟು ಎಲ್ಲಿ ಆಗಿದೆ ಎಂಬುದನ್ನೂ ಈ ಕಾಯಿಲೆಯ ಹೆಸರನ್ನೂ ಮೊದಲೇ ಹೇಳಿ. ಸಾಮಾನ್ಯ ವಾರ್ಡ್‌ಗಳಲ್ಲಿ ಇಂಥ ರೋಗಿಗಳು ಅಪರೂಪ. ಡ್ಯೂಟಿಯಲ್ಲಿರುವವರಿಗೆ ಇದು ತಕ್ಷಣ ಹೊಳೆಯದಿರಬಹುದು. ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಬಿಲ್ಲುಬಾಣದಿಂದ ರೋಮ್‌ವರೆಗೆ

1948ರ ಜುಲೈ 29ರಂದು ಲಂಡನ್‌ನಲ್ಲಿ ಒಲಿಂಪಿಕ್ಸ್ ಉದ್ಘಾಟನೆಯಾಯಿತು. ಅದೇ ದಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಹುಲ್ಲಿನ ಮೇಲೆ 16 ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಅವರಲ್ಲಿ ಇಬ್ಬರು ಮಹಿಳೆಯರು.

ಗುಟ್ಮನ್‌ಗೆ ಇದು ಮನರಂಜನೆಯಾಗಿರಲಿಲ್ಲ. ಬಿಲ್ಲು ಎಳೆಯುವಾಗ ತೋಳು, ಭುಜ, ಬೆನ್ನಿನ ಮೇಲ್ಭಾಗ ಬಲವಾಗುತ್ತವೆ. ಸೊಂಟದ ಹಿಡಿತ ಇಲ್ಲದವರು ಮೈಯ ತೂಕ ಸಂಭಾಳಿಸಲು ಕಲಿಯುತ್ತಾರೆ. ಹಾಸಿಗೆಯಿಂದ ಕುರ್ಚಿಗೆ ತಾವೇ ದಾಟಲು ಬೇಕಾದದ್ದೂ ಅದೇ ಶಕ್ತಿ. 1952ರಲ್ಲಿ ನೆದರ್‌ಲ್ಯಾಂಡ್ಸ್‌ನ ತಂಡ ಬಂದು ಕೂಟ ಅಂತರರಾಷ್ಟ್ರೀಯವಾಯಿತು. 1960ರಲ್ಲಿ ರೋಮ್‌ನಲ್ಲಿ 23 ದೇಶಗಳ ಸುಮಾರು 400 ಮಂದಿ ಸೇರಿದರು. ಅದನ್ನೇ ಇಂದು ಮೊದಲ ಪ್ಯಾರಾಲಿಂಪಿಕ್ಸ್ ಎಂದು ಎಣಿಸುತ್ತಾರೆ.

ಪುಣೆ, ಮುಂಬೈಯ ಓದುಗರಿಗೆ ಮುರಳಿಕಾಂತ್ ಪೇಟ್ಕರ್ ಅವರ ಹೆಸರು ಗೊತ್ತಿರುತ್ತದೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಈ ಸೈನಿಕ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಇದೇ ಕೂಟದ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಭಾರತಕ್ಕೆ ಅದು ಮೊದಲ ಪ್ಯಾರಾಲಿಂಪಿಕ್ಸ್ ಚಿನ್ನ.

ವಾರ್ಡ್‌ನಿಂದ ಜಗತ್ತಿಗೆ

ಸ್ಟೋಕ್ ಮ್ಯಾಂಡೆವಿಲ್‌ಗೆ ಬೇರೆ ಬೇರೆ ದೇಶಗಳ ವೈದ್ಯರು, ನರ್ಸುಗಳು, ಫಿಸಿಯೋಥೆರಪಿಸ್ಟ್‌ಗಳು ಕಲಿಯಲು ಬರತೊಡಗಿದರು. 1961ರಲ್ಲಿ ಗುಟ್ಮನ್ ಬೆನ್ನುಹುರಿ ಚಿಕಿತ್ಸಕರ ಅಂತರರಾಷ್ಟ್ರೀಯ ಸಂಘ ಕಟ್ಟಿ ಅದರ ಮೊದಲ ಅಧ್ಯಕ್ಷರಾದರು. 1963ರಿಂದ ಒಂದು ವೈದ್ಯಕೀಯ ಪತ್ರಿಕೆಯೂ ಬಂತು. ಸಂಘ, ಪತ್ರಿಕೆ ಎರಡೂ ಹೊಸ ಹೆಸರಿನಲ್ಲಿ ಈಗಲೂ ನಡೆಯುತ್ತಿವೆ. 1965ರಲ್ಲಿ ಬಾರ್ಸಿಲೋನಾದಲ್ಲಿ ಅವರ ಹೆಸರಿನಲ್ಲೇ ಆಸ್ಪತ್ರೆ ತೆರೆಯಿತು. ಇಂದು ಅದು ನರಸಂಬಂಧಿ ಪುನಶ್ಚೇತನದ ಹೆಸರಾಂತ ಬೋಧನಾ ಸಂಸ್ಥೆ. 1966ರಲ್ಲಿ ಬ್ರಿಟನ್ ಅವರಿಗೆ ಸರ್ ಪದವಿ ಕೊಟ್ಟಿತು. 1973ರಲ್ಲಿ, ನಿವೃತ್ತರಾದ ಮೇಲೆ, ತಮ್ಮ ಅನುಭವವನ್ನೆಲ್ಲ ದೊಡ್ಡ ಪಠ್ಯಪುಸ್ತಕವಾಗಿ ಬರೆದರು. 1980ರ ಮಾರ್ಚ್ 18ರಂದು ಹೃದಯದ ಕಾಯಿಲೆಯಿಂದ ತೀರಿಕೊಂಡರು.

ನಮ್ಮ ದೇಶಕ್ಕೂ ಆ ವಾರ್ಡ್‌ನ ಒಂದು ಎಳೆ ಬಂದಿದೆ. 1965ರಲ್ಲಿ ಎವರೆಸ್ಟ್ ಹತ್ತಿದ ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ ಅದೇ ವರ್ಷದ ಯುದ್ಧದಲ್ಲಿ ಗುಂಡೇಟಿನಿಂದ ಕಾಲಿನ ಸ್ವಾಧೀನ ಕಳೆದುಕೊಂಡರು. ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಚಿಕಿತ್ಸೆ ಪಡೆದ ಅವರು, ಮುಂದೆ ದೆಹಲಿಯಲ್ಲಿ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಸ್ಥಾಪಿಸಿದರು.

ಹೊಸ ಯಂತ್ರದ ಮುಂದೆ ನಿಂತಾಗ

ಈಗ ನಿಮಗೆ ಬೇರೆಯೇ ಪ್ರಶ್ನೆಗಳು. ಕಾಲಿಗೆ ಕಟ್ಟಿಕೊಂಡು ನಡೆಯುವ ರೋಬೋ, ಸ್ನಾಯುವಿಗೆ ಕರೆಂಟ್ ಕೊಟ್ಟು ಸೈಕಲ್ ತುಳಿಸುವ ಯಂತ್ರ, ಬೆನ್ನುಹುರಿಯ ಮೇಲೆ ಇಡುವ ಎಲೆಕ್ಟ್ರೋಡ್, ಕನ್ನಡಕ ಹಾಕಿಕೊಂಡು ಆಡುವ ಆಟ. ವಾಟ್ಸಾಪ್‌ನಲ್ಲಿ ವಿಡಿಯೋ ಬರುತ್ತದೆ, ಮನಸ್ಸು ಹಾತೊರೆಯುತ್ತದೆ. ಇವುಗಳಲ್ಲಿ ಕೆಲವು ಕೆಲವರಿಗೆ ನಿಜವಾಗಿ ನೆರವಾಗುತ್ತವೆ, ಕೆಲವು ಇನ್ನೂ ಸಂಶೋಧನೆಯ ಹಂತದಲ್ಲಿವೆ.

ಆದರೆ ಯಂತ್ರ ಹೊಸದಾದರೂ ಅದನ್ನು ಕಟ್ಟುವುದು ಆ ಗಣಿ ಕಾರ್ಮಿಕನಿಗಿದ್ದಂಥ ಮೈಗೇ. ಸ್ಪರ್ಶ ತಿಳಿಯದ ಚರ್ಮಕ್ಕೆ ರೋಬೋದ ಪಟ್ಟಿ ಒತ್ತಿದರೆ ಹುಣ್ಣಾಗಬಹುದು. ವರ್ಷಗಟ್ಟಲೆ ಭಾರ ಹೊರದ ಕಾಲಿನ ಮೂಳೆ ಸವೆದು, ಸಣ್ಣ ತಿರುಚಿಗೂ ಮುರಿಯಬಹುದು. ಕರೆಂಟ್ ಕೊಡುವಾಗ ಮೇಲೆ ಹೇಳಿದ ರಕ್ತದೊತ್ತಡದ ಏರಿಕೆ ಕಾಣಿಸಬಹುದು. ಹಾಗಾಗಿ ಯಂತ್ರ ನಡೆಸುವವರಿಗೆ ಬಟನ್ ಒತ್ತಲು ಬಂದರೆ ಸಾಲದು. ಈ ಮೈಯನ್ನು ಓದಲೂ ಬರಬೇಕು. ದುಡ್ಡು ಕಟ್ಟುವ ಮೊದಲು ಇವನ್ನು ಕೇಳಿ:

• ಈ ಯಂತ್ರ ನಡೆಸಲು ಯಾರು ತರಬೇತಿ ಪಡೆದಿದ್ದಾರೆ? ದಿನವೂ ಅವರೇ ಇರುತ್ತಾರೆಯೇ?
• ಶುರುಮಾಡುವ ಮೊದಲು ಚರ್ಮ, ಮೂಳೆ, ರಕ್ತದೊತ್ತಡ ಪರೀಕ್ಷಿಸುತ್ತೀರಾ? ಮುಗಿದ ಮೇಲೆ ಚರ್ಮ ಯಾರು ನೋಡುತ್ತಾರೆ?
• ನಮ್ಮ ರೋಗಿಯ ಪೆಟ್ಟಿನ ಮಟ್ಟಕ್ಕೆ ಇದರಿಂದ ಯಾವ ಪ್ರಯೋಜನ ನಿರೀಕ್ಷಿಸಬಹುದು? ಅದನ್ನು ಹೇಗೆ ಅಳೆಯುತ್ತೀರಿ?
• ಎಷ್ಟು ವಾರ ನೋಡಿ, ಪ್ರಯೋಜನವಿಲ್ಲದಿದ್ದರೆ ನಿಲ್ಲಿಸುತ್ತೀರಿ?
• ಮನೆಯಲ್ಲಿ ಮಾಡಬೇಕಾದ್ದನ್ನು ನಮಗೆ ಕೈಹಿಡಿದು ಕಲಿಸುತ್ತೀರಾ?

ಈ ಪ್ರಶ್ನೆ ಕೇಳಿದರೆ ಯಾರಿಗೂ ಅವಮಾನವಾಗದು. ಚೆನ್ನಾಗಿ ಕಲಿತ ಸಿಬ್ಬಂದಿ ಸಂತೋಷದಿಂದಲೇ ಉತ್ತರಿಸುತ್ತಾರೆ. ಎಲ್ಲಿ ಕೇಳಬೇಕು ಎಂದು ತಿಳಿಯದಿದ್ದರೆ, ಮುಂಬೈಯ ಹಾಜಿ ಅಲಿಯಲ್ಲಿರುವ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ, ವೆಲ್ಲೂರಿನ ಸಿಎಂಸಿ, ಬೆಂಗಳೂರಿನ ನಿಮ್ಹಾನ್ಸ್, ದೆಹಲಿಯ ಮೇಲೆ ಹೇಳಿದ ಕೇಂದ್ರ, ಇಲ್ಲೆಲ್ಲ ಪುನಶ್ಚೇತನದ ವಿಭಾಗಗಳಿವೆ. ಭಾಷೆ ತೊಡಕಾದರೆ, ಹಿಂದಿ, ಮರಾಠಿ ಅಥವಾ ತಮಿಳು ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅರ್ಥವಾಗದ ಸೂಚನೆಗೆ ತಲೆಯಾಡಿಸಿ ಬರಬೇಡಿ. ತೋರಿಸಿಕೊಡಿ ಎಂದು ಕೇಳಿ, ಅವರ ಮುಂದೆಯೇ ಒಮ್ಮೆ ಮಾಡಿ ನೋಡಿ.

ನಿಮ್ಮ ರೋಗಿಗೆ ಎರಡು ಗಂಟೆಯೇ ಸರಿಯೇ, ವಿಶೇಷ ಹಾಸಿಗೆ ಇದ್ದರೆ ಹೆಚ್ಚು ಹೊತ್ತು ಬಿಡಬಹುದೇ, ಕ್ಯಾಥೆಟರ್ ಎಷ್ಟು ಸಲ ಹಾಕಬೇಕು ಎಂಬುದನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು. ಈಗ ಎಷ್ಟೋ ಮಂದಿ ಮನೆಯಲ್ಲಿ ಸೋಪಿನಿಂದ ಕೈ ತೊಳೆದು ತಾವೇ ಕ್ಯಾಥೆಟರ್ ಹಾಕಿಕೊಳ್ಳುತ್ತಾರೆ. ಅದನ್ನೂ ನರ್ಸ್ ಹತ್ತಿರ ಕಲಿತೇ ಮಾಡಬೇಕು.

ಈಗ ಆ ಸಾಲನ್ನು ಅನುವಾದಿಸುವಾಗ ನಾನು ಅವಸರ ಮಾಡುವುದಿಲ್ಲ. ಅದನ್ನು ಹಾಳೆಯ ಕೊನೆಯಲ್ಲಿ ಬಿಡದೆ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ನೀವೂ ಒಂದು ಕೆಲಸ ಮಾಡಿ. ಹಾಸಿಗೆಯ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿ, ಯಾವ ಗಂಟೆಗೆ ಯಾವ ಮಗ್ಗುಲು, ಯಾರ ಸರದಿ ಎಂದು ಬರೆಯಿರಿ. ರಾತ್ರಿಯ ಸರದಿಯನ್ನು ಒಬ್ಬರ ಮೇಲೇ ಹಾಕಬೇಡಿ, ಮನೆಮಂದಿಯೆಲ್ಲ ಹಂಚಿಕೊಳ್ಳಿ. ಹೊಸ ಆಯಾ ಬಂದ ದಿನ ಮೊದಲು ಆ ಹಾಳೆ ತೋರಿಸಿ, ಏಕೆ ಎಂಬುದನ್ನೂ ಹೇಳಿ.